ಅಂಗಳದ ಮೂವತ್ತಮೂರು ಗುರುತುಗಳ ಬಗ್ಗೆ ವಿಜ್ಞಾನ ಪ್ರಸಾರದ ಅಧಿಕಾರಿಗಳಿಗೆ

ಮಾನ್ಯರೇ,

ವಿಜ್ಞಾನ ದಿನ ಆಚರಿಸುವ ಸಲುವಾಗಿ ಹಳೇ ಹುಬ್ಬಳ್ಳಿಯ ನಮ್ಮ ಸರ್ಕಾರಿ ಶಾಲೆಯ ಅಂಗಳದಲ್ಲಿದ್ದ ವಿಜ್ಞಾನವನ್ನು ತಾವು ಕಲ್ಲು ಹಾಸಿ ಮುಚ್ಚಿಸಿದಿರಿ. ಬೇಕೆಂದೇ ಮಾಡಿದ್ದಲ್ಲ, ಅದು ನನಗೂ ಗೊತ್ತು. ಅಲ್ಲಿ ಏನಿತ್ತೆಂದು ಯಾರನ್ನೂ ಕೇಳಲಿಲ್ಲ, ಅಷ್ಟೇ. ಆದರೆ ಕೇಳುವುದೇ ವಿಜ್ಞಾನದ ಮೊದಲ ಪಾಠವಲ್ಲವೇ? ನಿವೃತ್ತಿಯಾದ ಮೇಲೂ ಶನಿವಾರಕ್ಕೊಮ್ಮೆ ಆ ಶಾಲೆಯಲ್ಲಿ ಪುಕ್ಕಟೆ ಪಾಠ ಹೇಳುವ ವಿಜ್ಞಾನ ಶಿಕ್ಷಕಿ ನಾನು. ತಮ್ಮ ಕಚೇರಿಗೆ ಎರಡು ಪತ್ರ ಬರೆದೆ. ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಎರಡು ಸಲ ಬಂತು. ಹಾಗಾಗಿ ಮೂರನೆಯದನ್ನು ಊರಿನ ಎದುರಿಗೇ ಬರೆಯುತ್ತಿದ್ದೇನೆ.

ತಮ್ಮ ಇಲಾಖೆ ಹುಟ್ಟುವ ಮೊದಲೂ ಈ ಊರಲ್ಲಿ ವಿಜ್ಞಾನ ಪ್ರಸಾರ ನಡೆದಿತ್ತು. ೧೯೮೦ರ ಫೆಬ್ರವರಿಯಲ್ಲಿ ಹುಬ್ಬಳ್ಳಿಗೆ ಪೂರ್ಣ ಸೂರ್ಯಗ್ರಹಣ ಬಂದಾಗ ನನಗೆ ಹದಿನೈದು ವರ್ಷ. ಮಧ್ಯಾಹ್ನವೇ ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ದುರ್ಗದಬೈಲಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ನಮ್ಮ ನೆರೆಮನೆಯ ಅಬ್ದುಲಗನಿ ಕಾಕಾ ಮಾತ್ರ ತೂತು ಮಾಡಿದ ರಟ್ಟು ಹಿಡಿದು ನಮ್ಮ ಬಾಗಿಲು ಬಡಿದರು.

“ಶರಣವ್ವಾ, ಹುಡುಗೀನ ಕಳಸ್ರಿ. ಸೂರ್ಯಾನ್ನ ಸೀದಾ ನೋಡೂದಿಲ್ಲ, ಹಾಳಿ ಮ್ಯಾಲೆ ಬಿದ್ದದ್ದು ನೋಡ್ತೇವಿ. ಇಂಥಾದ್ದು ಮತ್ತ ಯಾವಾಗ ಬರ್ತೈತೋ ಏನೋ!”

“ಬ್ಯಾಡ್ರಿ ಅಣ್ಣಾ, ನಾಳೆ ಕಣ್ಣು ಹೋದ್ರ ಆಕೀನ ಯಾರು ಮಾಡ್ಕೋತಾರ?” ಎಂದು ಅವ್ವ ಅಗಳಿ ಹಾಕಿದಳು.

ಕತ್ತಲೆಯ ಕೋಣೆಯಲ್ಲಿ ಅಳುತ್ತ ಕುಳಿತೆ. ಬೆಳಕಿಂಡಿಗೆ ಮುಚ್ಚಿದ್ದ ತಗಡಿನಲ್ಲಿ ಒಂದು ಸಣ್ಣ ತೂತಿತ್ತು. ಅದರಿಂದ ಗೋಡೆಯ ಮೇಲೆ ಬಿದ್ದಿದ್ದ ದುಂಡನೆಯ ಬೆಳಕು ನನ್ನ ಕಣ್ಣೆದುರೇ ಕುಡುಗೋಲಿನ ಆಕಾರಕ್ಕೆ ಬಂತು, ಸಣ್ಣದಾಯಿತು, ಆರಿಹೋಯಿತು. ಮರುದಿನ ಕಾಕಾನಿಗೆ ಹೇಳಿದರೆ ಅವರು ತಮ್ಮ ಕೆಲಸವನ್ನೇ ಬಿಟ್ಟು ನಕ್ಕರು. “ಬಾಗಲಾ ಹಾಕ್ಕೊಂಡ ಗ್ರಹಣಾ ನೋಡೀ ಅಲ್ಲವಾ! ಹಂಗ್ಯಾಕ ಆತು, ನೀನ ಹುಡಕು. ನಾ ಹೇಳೂದಿಲ್ಲ.” ಆ ‘ಹೇಳೂದಿಲ್ಲ’ ಎಂಬ ಮಾತೇ ನನ್ನನ್ನು ಶಿಕ್ಷಕಿಯನ್ನಾಗಿ ಮಾಡಿತು.

ಮುಂದೆ ನಾನೂ ಕಾಕಾನೂ ರಟ್ಟು, ಕನ್ನಡಿ, ಮಸೂರ ಹಿಡಿದು ಓಣಿ ಓಣಿ ತಿರುಗಿದೆವು. ಬೈಸಿಕೊಂಡೆವು, ಚಹಾನೂ ಕುಡಿದೆವು. ೧೯೯೫ರ ದೀಪಾವಳಿಯ ಹೊತ್ತಿಗೆ ಮತ್ತೊಂದು ಗ್ರಹಣ ಬಂದಾಗ ನನ್ನ ಅವ್ವ ತಾನಾಗಿ ಹೊರಗೆ ಬಂದಳು. ಹಾಳೆಯ ಮೇಲಿನ ಸೂರ್ಯನನ್ನು ಬಹಳ ಹೊತ್ತು ನೋಡಿ, “ಇಷ್ಟಕ್ಕ ಅಂಜಿದ್ವೇನ?” ಎಂದಳು. ಮಾನ್ಯರೇ, ಒಬ್ಬ ಹೆಂಗಸು ತನ್ನ ಹೊಸ್ತಿಲು ದಾಟಲು ಹದಿನೈದು ವರ್ಷ ಹಿಡಿಯಿತು. ತಮ್ಮ ಈ ಸಲದ ವರದಿಯಲ್ಲಿ ‘ಒಂದೇ ದಿನದಲ್ಲಿ ಹನ್ನೆರಡು ಸಾವಿರ ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವ ಮೂಡಿಸಲಾಯಿತು’ ಎಂದಿದೆ. ಯಾವ ಉಪಕರಣದಿಂದ ಅಳೆದಿರಿ? ನಮಗೂ ಒಂದು ಕೊಡಿಸಿ.

ಈಗ ಅಂಗಳದ ವಿಷಯ. ಕಳೆದ ಜೂನ್‌ನಲ್ಲಿ ಒಂಬತ್ತನೆಯ ತರಗತಿಯ ಕಾವೇರಿ ಮತ್ತು ಅವಳ ಮೂವರು ಗೆಳತಿಯರು ಅಲ್ಲಿ ಆರು ಅಡಿಯ ಪೈಪೊಂದನ್ನು ನೆಟ್ಟರು. ಪ್ರತಿ ಶನಿವಾರ ಮಧ್ಯಾಹ್ನ ಸರಿಯಾಗಿ ಹನ್ನೆರಡೂವರೆಗೆ ಅದರ ನೆರಳಿನ ತುದಿಗೆ ಸಣ್ಣ ಕಲ್ಲು ಹುಗಿದು, ಅದರ ಮೇಲೆ ಬಣ್ಣದ ಚುಕ್ಕೆ ಇಟ್ಟರು. ಮಳೆ ಬಂದರೆ ಆ ಹೊತ್ತಿಗೆ ಬಿಸಿಲು ಇಣುಕೀತೆಂದು ಕೊಡೆ ಹಿಡಿದು ಕಾದರು, ಇಣುಕದ ಶನಿವಾರ ಚುಕ್ಕೆ ಇಡದೆ ಬಿಟ್ಟರು. ಜೂನ್‌ನಲ್ಲಿ ನೆರಳು ತೆಂಕಣಕ್ಕಿತ್ತು. ಆಗಸ್ಟ್‌ನಲ್ಲಿ ಒಂದು ಶನಿವಾರ ಇಲ್ಲವೆನ್ನುವಷ್ಟು ಚಿಕ್ಕದಾಗಿ, ಆಮೇಲೆ ಬಡಗಣಕ್ಕೆ ಬೆಳೆಯತೊಡಗಿತು. ನವೆಂಬರ್‌ನಲ್ಲಿ ಕಾವೇರಿ ನನ್ನ ಸೆರಗು ಜಗ್ಗಿದಳು.

“ಟೀಚರ್, ಚುಕ್ಕಿ ಒಂದ ಗೆರಿ ಮ್ಯಾಲೆ ಬರವಲ್ಲವ್ರಿ. ಸೊಟ್ಟ ಹೊಂಟಾವು. ನಾವೇನರ ತಪ್ಪ ಮಾಡೇವೇನ್ರಿ?”

ತಪ್ಪಿರಲಿಲ್ಲ. ವರ್ಷ ತುಂಬಿದರೆ ಆ ಚುಕ್ಕೆಗಳು ಎಂಟರ ಅಂಕಿಯಂತೆ ಕೂಡಿಕೊಳ್ಳುತ್ತವೆ. ಭೂಮಿ ಓರೆಯಾಗಿ ತಿರುಗುತ್ತದೆ, ಒಂದೇ ವೇಗದಲ್ಲಿ ಓಡುವುದಿಲ್ಲ ಎಂಬುದನ್ನು ಹಳೇ ಹುಬ್ಬಳ್ಳಿಯ ಮಣ್ಣೇ ಬರೆದು ತೋರಿಸುತ್ತದೆ. ನಾನು ಹೇಳಲಿಲ್ಲ. “ಜೂನ್‌ತನಕಾ ತಡಿಯವಾ, ನೀನ ನೋಡ್ತೀ” ಎಂದೆ. ಈಗ ಅದೇ ನನ್ನನ್ನು ಚುಚ್ಚುತ್ತಿದೆ.

ಫೆಬ್ರವರಿಯಲ್ಲಿ ತಮ್ಮ ಸಮಾರಂಭಕ್ಕೆಂದು ಅಂಗಳದ ತುಂಬ ಸಿಮೆಂಟಿನ ಕಲ್ಲು ಕೂಡಿಸಿದರು. ಪೈಪು ಗುಜರಿಗೆ ಹೋಯಿತು. ಮೂವತ್ತಮೂರು ಚುಕ್ಕೆಗಳು ಕಲ್ಲಿನಡಿ ಹೋದವು. ಸಮಾರಂಭದ ದಿನ ಕಾವೇರಿ ವೇದಿಕೆಯ ಮುಂದೆಯೇ ಎದ್ದು ನಿಂತು ಕೇಳಿದಳು: “ಸರ್, ನಮ್ಮ ನೆರಳಿನ ಗುರುತ ಎಲ್ಲಿ ಹ್ವಾದುವ್ರಿ?”

ತಾವು ನಕ್ಕು ಹೇಳಿದ್ದು ನೆನಪಿದೆಯೇ? “ನೆಲಾ ಎಷ್ಟ ಛಲೋ ಆಗೇತಿ ನೋಡವಾ! ಕುಂಡ್ರು, ಪ್ರಶ್ನೆಗೆ ಕಡೀಕ ಟೈಮ್ ಐತಿ.” ಕಡೆಗೆ ಉಪ್ಪಿಟ್ಟಿತ್ತು, ಫೋಟೋ ಇತ್ತು. ಪ್ರಶ್ನೆಗೆ ಸಮಯವಿರಲಿಲ್ಲ. ಹಿರಿಯ ಶಿಕ್ಷಕಿಯೆಂದು ತಾವು ಹೊದಿಸಿದ ಶಾಲನ್ನು ಹೊದ್ದು ನಾನೂ ವೇದಿಕೆಯ ಮೇಲೆಯೇ ಇದ್ದೆ. ಎದ್ದು ಮಾತಾಡಬೇಕಿತ್ತು. ನಲವತ್ತು ವರ್ಷ ಮಕ್ಕಳಿಗೆ ‘ಕೇಳಿರಿ’ ಎಂದು ಕಲಿಸಿದವಳು ಆ ಒಂದು ನಿಮಿಷ ಸೌಜನ್ಯ ಕಾಪಾಡಿದೆ.

ಆ ಸಮಾರಂಭದ ನಂತರ ಕಾವೇರಿ ನನ್ನ ಶನಿವಾರದ ಪಾಠಕ್ಕೆ ಬರಲಿಲ್ಲ. ಮನೆಗೆ ಹೋದೆ. ತಾಯಿ ಹುಲಿಗೆವ್ವ ಕಾಯಿಪಲ್ಲೆ ಮಾರಿ ಆಗಷ್ಟೇ ಬಂದಿದ್ದಳು. “ನಾ ಬ್ಯಾಡ ಅಂದಿಲ್ರಿ ಟೀಚರ್, ಆಕೀನ ಒಲ್ಲೆ ಅಂತಾಳ” ಎಂದಳು. ಕಾವೇರಿ ಗೋಡೆಗೆ ಒರಗಿ ನಿಂತಿದ್ದಳು. “ಅಳಸೂದಾದ್ರ ಯಾಕ ಬರೀಬೇಕ್ರಿ, ಟೀಚರ್?” ಎಂದಳು. ಸಿಟ್ಟಿನಿಂದ ಕೇಳಿದ್ದರೆ ಸಮಾಧಾನ ಹೇಳುತ್ತಿದ್ದೆ. ದಣಿದವರ ಹಾಗೆ ಕೇಳಿದಳು. ಹದಿನಾಲ್ಕರ ಹುಡುಗಿಗೆ ನನ್ನ ವಯಸ್ಸಿನ ದಣಿವು ಬರಬಾರದು, ಮಾನ್ಯರೇ.

ನನಗೆ ಪ್ರಯೋಗಾಲಯ ಬೇಡ, ಪ್ರಶಸ್ತಿ ಬೇಡ. ಅಂಗಳದ ನಡುವೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದಷ್ಟು ಕಲ್ಲು ತೆಗೆಸಿಕೊಡಿ. ಅಲ್ಲಿ ಮುಂದೆ ಯಾರೂ ಏನೂ ಕಟ್ಟಕೂಡದೆಂದು ಒಂದು ಸಾಲಿನ ಆದೇಶ ಹೊರಡಿಸಿ. ಹಳೆಯ ಚುಕ್ಕೆಗಳು ಮರಳಿ ಸಿಗುವುದಿಲ್ಲ, ಗೊತ್ತು. ಬರುವ ಜೂನ್‌ನಿಂದ ಮತ್ತೆ ಒಂದರಿಂದ ಶುರು ಮಾಡಬೇಕು. ಆ ಮೊದಲ ಶನಿವಾರ ಫೋಟೋದವರನ್ನು ಕರೆತರದೆ ತಾವೊಬ್ಬರೇ ಬನ್ನಿ. ಕಾವೇರಿಯ ಮನೆಗೆ ಹೋಗಿ, “ತಪ್ಪ ಆತವಾ, ನಡಿ” ಎಂದು ತಾವೇ ಅವಳನ್ನು ಕರೆಯಿರಿ. ನಾನು ಕರೆದರೆ ಅವಳು ಬರುವುದಿಲ್ಲ.

ಇಂತಿ,
ಉತ್ತರ ಬಂದೀತೆಂದು ನಂಬುವ ಚಟ ಇನ್ನೂ ಬಿಡದ
ನಾಗರತ್ನಾ
ನವನಗರ, ಹುಬ್ಬಳ್ಳಿ