ಹಿಂದಿನ ಬಲಗಡೆಯ ಹಳದಿ ಗೆರೆ

ಮಂಗಳವಾರ, ೧೧. ಬೆಳಿಗ್ಗೆ ೭

ಕಾರಿನ ಮುಂಭಾಗದ ಎರಡೂ ಸ್ಪ್ರಿಂಗ್ ಬದಲಿಸಿ ಮುಗಿಯಿತು. ನಿನ್ನೆ ಇಡೀ ದಿನ ಅದಕ್ಕೇ ಹೋಯಿತು. ಎಡಗಡೆಯ ಮೇಲಿನ ನಟ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎರಡು ಗಂಟೆ, ಅರ್ಧ ಡಬ್ಬಿ ಎಣ್ಣೆ, ಬೆರಳಿನ ಚರ್ಮ.

ಹೊಸ ಸ್ಪ್ರಿಂಗ್ ಗಿಡ್ಡ, ಗಟ್ಟಿ. ಕಾರು ಮೂವತ್ತು ಮಿಲಿಮೀಟರ್ ತಗ್ಗಬೇಕು. ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ. ಭಾನುವಾರ ಗುಡ್ಡದ ರೇಸ್. ಓಡಿಸುವವಳು ಅಕ್ಕ, ಬಿಚ್ಚಿ ಕಟ್ಟುವವನು ನಾನು.

ಅಮ್ಮ ಹೊಲಿಗೆ ಮೆಷಿನ್ ಬಿಟ್ಟು ಶೆಡ್ಡಿಗೆ ಬಂದು ನೋಡಿದಳು. "ಇರೋ ಎತ್ತರಾನ ಕಷ್ಟಪಟ್ಟು ಕಮ್ಮಿ ಮಾಡ್ಕೊಳ್ಳೋರು ಲೋಕದಲ್ಲಿ ನೀವಿಬ್ಬರೇ."

ಅಕ್ಕನ ನಿಯಮ: ಬಿಗಿದ ಪ್ರತಿ ನಟ್ ಮೇಲಿಂದ ಪಕ್ಕದ ಲೋಹದವರೆಗೆ ಹಳದಿ ಪೇಂಟಿನ ಗೆರೆ. ಗೆರೆ ಇಲ್ಲದ ಕಾರಿನಲ್ಲಿ ಕೂರುವುದಿಲ್ಲ. ಎರಡು ವರ್ಷದ ಹಿಂದೆ ಚಕ್ರದ ನಟ್ ಸಡಿಲಾಗಿ ಕಾರನ್ನು ತಡೆಗೋಡೆಗೆ ಹೊಡೆದಳು. ಮಣಿಕಟ್ಟು ಮುರಿಯಿತು. ಟೈರ್ ಅಂಗಡಿಯವನು ಸರಿಯಾಗಿ ಬಿಗಿದಿರಲಿಲ್ಲ. ಇವತ್ತಿಗೂ ಅವನು ಎದುರು ಸಿಕ್ಕರೆ ಅಕ್ಕ ಮುಖ ತಿರುಗಿಸುತ್ತಾಳೆ.

ಬುಧವಾರ, ೧೨. ಸಂಜೆ

ಹಿಂದಿನ ಎರಡು ಸ್ಪ್ರಿಂಗ್ ಸುಲಭ ಅಂದುಕೊಂಡಿದ್ದೆ. ಕಾರನ್ನು ಸ್ಟ್ಯಾಂಡ್ ಮೇಲೆ ಎತ್ತಿದೆ. ಚಕ್ರಗಳು ನೇತಾಡುತ್ತಿದ್ದವು. ಚಕ್ರ ಹಿಡಿದಿರುವ ಕಬ್ಬಿಣದ ತೋಳು, ಆರ್ಮ್, ಸಡಿಲಿಸಿ ಹಳೆಯ ಸ್ಪ್ರಿಂಗ್ ತೆಗೆದು ಹೊಸದು ಕೂರಿಸಿದೆ. ಎಡಗಡೆ ಬಿಗಿದೆ. ಬಲಗಡೆ ನಟ್ ಕೈಯಲ್ಲಿ ತಿರುಗಿಸುತ್ತಿದ್ದಾಗ ಅಮ್ಮ ಮೂರನೇ ಸಲ ಕೂಗಿದಳು. ಊಟ. ಆಮೇಲೆ ಎಲ್ಲದಕ್ಕೂ ಒಟ್ಟಿಗೇ ಹಳದಿ ಗೆರೆ ಎಳೆದು ಕಾರು ಇಳಿಸಿದೆ.

ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳತೆ. ಹಿಂಭಾಗದ ಬಲ, ೩೭೫ ಇದ್ದದ್ದು ೩೪೫ — ಕರಾರುವಾಕ್ಕು. ಎಡ ೩೫೬. ಹನ್ನೊಂದು ಮಿಲಿಮೀಟರ್ ಹೆಚ್ಚು! ಒಂದು ಭುಜ ಎತ್ತಿಕೊಂಡು ನಿಂತವನ ಹಾಗಿದೆ.

ಗುರುವಾರ, ೧೩. ಸಂಜೆ ೭

ಕಾರು ಮತ್ತೆ ಎತ್ತಿ ಎಡಗಡೆ ಎರಡು ಸಲ ಬಿಚ್ಚಿ ಕಟ್ಟಿದೆ. ಸ್ಪ್ರಿಂಗ್ ಸರಿಯಾಗಿದೆ. ಕೆಳಗಿನ ರಬ್ಬರ್ ಸರಿಯಾಗಿದೆ. ೩೫೬. ಕೊನೆಗೆ ಮಟ್ಟಗೋಲು ತಂದು ಶೆಡ್ಡಿನ ನೆಲವನ್ನೇ ಪರೀಕ್ಷಿಸುತ್ತಿದ್ದೆ, ಅಷ್ಟರಲ್ಲಿ ಅಕ್ಕ ಕೆಲಸ ಮುಗಿಸಿ ಬಂದಳು.

"ಕುಣಿಯಕ್ಕೆ ಬರದೇ ಇರೋರು ನೆಲ ಡೊಂಕು ಅಂದ್ರಂತೆ. ಕೇಳಿದ್ದೆ, ಈಗ ಕಣ್ಣಾರೆ ನೋಡಿದೆ."

ಕೀ ಎಸೆದೆ. ಒಂದು ಸುತ್ತು ಹೋಗಿ ಬಂದಳು. "ಹಿಂದೆ ಬಲಗಡೆ, ಪ್ರತಿ ಗುಂಡಿಗೂ ಟಕ್ ಅಂತಿದೆ ಕಣೋ."

"ಬಲಗಡೆ ಸರಿಯಾಗಿದೆ. ತೊಂದರೆ ಇರೋದು ಎಡಗಡೆ."

"ಒಳಗೆ ಕೂತಿದ್ದೋಳು ನಾನು."

"ಹೊಸ ಸ್ಪ್ರಿಂಗ್ ಅಲ್ವಾ, ಕೂತ್ಕೊಳ್ಳೋ ತನಕ ಸದ್ದು ಮಾಡುತ್ತೆ."

"ಬಿಗಿದಿದ್ದೀಯಾ?"

"ಗೆರೆ ನೋಡೇ!"

ಟಾರ್ಚ್ ಹಿಡಿದು ಬಗ್ಗಿ ನೋಡಿದಳು. ಗೆರೆ ಇತ್ತು. "ಸರಿ ಬಿಡು" ಅಂದಳು.

ಅಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಬಾಗಿಲಿಂದ ಸಲಹೆ ಕೊಟ್ಟಳು. "ಗಾಳೀಲಿ ನೇತುಹಾಕಿ ಅಳತೆ ಮಾಡಿದ್ರೆ ಹಿಂಗೇ. ಲಂಗದ ಅಂಚು ಮಡಚೋದು ಅದನ್ನ ತೊಟ್ಟು ನೆಲದ ಮೇಲೆ ನಿಂತಾಗ."

"ಕಾರು ಲಂಗ ಅಲ್ಲಮ್ಮ."

"ಅದೂ ಗೊತ್ತಾಯ್ತು. ಲಂಗ ಆಗಿದ್ರೆ ಇಷ್ಟೊತ್ತಿಗೆ ಮುಗೀತಿತ್ತು."

ಶನಿವಾರ, ೧೫. ಬೆಳಿಗ್ಗೆ ೮

ನಿನ್ನೆ ಬರೆಯಲಿಲ್ಲ. ಬರೆಯುವುದಕ್ಕೆ ಏನಿತ್ತು... ಮೂರನೇ ಸಲ ಬಿಚ್ಚಿದೆ, ೩೫೬.

ಈಗಷ್ಟೇ ಸ್ಪ್ರಿಂಗ್ ಮಾರಿದವನಿಗೆ ಫೋನ್ ಮಾಡಿ ಬೈದೆ. ಪೂರ್ತಿ ಕೇಳಿಸಿಕೊಂಡ. "ಸಾರ್, ಡಬ್ಬದಲ್ಲಿ ಒಂದು ಹಾಳೆ ಇತ್ತಲ್ಲ, ಓದಿದ್ರಾ?"

ಓದಿರಲಿಲ್ಲ. ಕಸದ ಬುಟ್ಟಿಯಿಂದ ತೆಗೆದೆ. ಒಂಬತ್ತನೇ ಸೂಚನೆ: ಆರ್ಮಿನ ಬೋಲ್ಟುಗಳನ್ನು ಕಾರು ತನ್ನ ಭಾರದ ಮೇಲೆ ನಿಂತಿರುವಾಗಲೇ ಬಿಗಿಯತಕ್ಕದ್ದು. ಆರ್ಮಿನ ಬುಡದಲ್ಲಿ ಬೋಲ್ಟಿನ ಸುತ್ತ ರಬ್ಬರ್ ಬಳೆ, ಬುಷ್, ಇದೆ. ನೇತಾಡುವಾಗ ಬಿಗಿದರೆ ಅದು ಅದೇ ಭಂಗಿ ಹಿಡಿಯುತ್ತದೆ. ಕಾರು ಇಳಿಸಿದಾಗ ತಿರುಚಿಕೊಂಡು ಅದನ್ನು ಮೇಲಕ್ಕೆ ತಳ್ಳುತ್ತದೆ.

ಅಮ್ಮ ಹೇಳಿದ್ದೂ ಇದನ್ನೇ. ಅವಳಿಗೆ ಹೇಳುವುದಿಲ್ಲ. ಇನ್ನು ಹತ್ತು ವರ್ಷ ಕೇಳಬೇಕಾಗುತ್ತದೆ.

೯.೩೦

ನಾಲ್ಕೂ ಚಕ್ರ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ ಕೆಳಗೆ ನುಸುಳಿದೆ. ಎಡಗಡೆ ಸಡಿಲಿಸಿ ಕಾರು ಅಲ್ಲಾಡಿಸಿದೆ. ಇಳಿಯಿತು. ೩೪೫. ಬಿಗಿದೆ. ಗೆರೆ. ಖುಷಿ — ಹತ್ತು ನಿಮಿಷ.

ಆಮೇಲೆ ತಲೆಗೆ ಬಂತು. ಬುಧವಾರ ಬಲಗಡೆಯೂ ನೇತಾಡುತ್ತಲೇ ಇತ್ತು. ಹಾಗಿದ್ದರೆ ಅದು ಮೊದಲ ದಿನವೇ ೩೪೫ ಹೇಗಾಯಿತು?

ಸ್ಪ್ಯಾನರ್ ಹಾಕುವ ಮೊದಲು ಬೆರಳಿಟ್ಟೆ. ನಟ್ ಬೆರಳಲ್ಲೇ ತಿರುಗಿತು. ಬಿಗಿಯದೇ ಇದ್ದದ್ದಕ್ಕೇ ಬುಷ್ ತಿರುಚಿಕೊಂಡಿರಲಿಲ್ಲ. ಹಳದಿ ಗೆರೆ ಎರಡು ತುಂಡಾಯಿತು.

ಇದರಲ್ಲೇ ಗುರುವಾರ ಅಕ್ಕನನ್ನು ಕಳಿಸಿದ್ದೆ.

೧೦.೧೫

ಬುಧವಾರದ ಪುಟ ತಿರುಗಿಸಿದೆ. ನನ್ನ ಕೈಬರಹದಲ್ಲೇ ಇದೆ. "ಎಡಗಡೆ ಬಿಗಿದೆ." ಬಲಗಡೆ ಬಿಗಿದೆ ಅಂತ ಎಲ್ಲೂ ಇಲ್ಲ. "ಊಟ" ಅಂತ ಇದೆ.

ಕಪಾಟಿನಿಂದ ಎರಡು ವರ್ಷದ ಹಿಂದಿನ ಡೈರಿ ತೆಗೆದೆ. ಅಪಘಾತದ ಹಿಂದಿನ ದಿನ. "ಟೈರ್ ಅಂಗಡಿಯಿಂದ ಕಾರು ತಂದೆ. ಬ್ರೇಕ್ ನೋಡಲು ಮುಂದಿನ ಎಡ ಚಕ್ರ ಬಿಚ್ಚಿದೆ. ಮತ್ತೆ ಹಾಕುವಾಗ ಫೋನ್ ಬಂತು. ಮಾತಾಡಿ ಬಂದು ಜ್ಯಾಕ್ ಇಳಿಸಿದೆ."

ಸಡಿಲಾಗಿದ್ದು ಅದೇ ಚಕ್ರ. ಮನೆಯಲ್ಲಿ ಬಿಚ್ಚಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಬಿಗಿದಿದ್ದೆ ಎಂದು ನಂಬಿದ್ದೆ. ನಿಜವಾಗಿ ನಂಬಿದ್ದೆ. ಗುರುವಾರ "ಗೆರೆ ನೋಡೇ" ಅಂದಾಗಲೂ ಹಾಗೇ ನಂಬಿದ್ದೆ.

೧೧.೪೦

ಬಲಗಡೆ ಬಿಗಿದೆ. ಕಾರು ದಿಮ್ಮಿಗಳ ಮೇಲೆ ನಿಂತಿರುವಾಗಲೇ. ಎರಡು ಸಲ ಪರೀಕ್ಷಿಸಿದೆ. ೩೪೫, ೩೪೫. ಹಳೆಯ ಗೆರೆ ಒರೆಸಿದೆ. ಹೊಸದು ಎಳೆದಿಲ್ಲ. ಪೇಂಟ್ ಪೆನ್ ಪಕ್ಕದಲ್ಲೇ ಇದೆ. ಒಂದು ಗೀಟು ಎಳೆದರೆ ಯಾರಿಗೂ ಏನೂ ತಿಳಿಯುವುದಿಲ್ಲ, ನಾಳೆ ಅಕ್ಕ ನಿಶ್ಚಿಂತೆಯಿಂದ ಗುಡ್ಡ ಹತ್ತುತ್ತಾಳೆ.

ಗೇಟಿನ ಸದ್ದು. ಬಂದಳು. ನೇರ ಕಾರಿನ ಹಿಂದಕ್ಕೇ ಹೋಗಿ ಬಗ್ಗಿದ್ದಾಳೆ, ಕಿಟಕಿಯಿಂದ ಕಾಣುತ್ತಿದೆ.

"ಏಯ್, ಇಲ್ಲಿ ಗೆರೆ ಎಲ್ಲೋ?"

ಎರಡೂ ಡೈರಿ ತೆಗೆದುಕೊಂಡು ಹೋಗುತ್ತೇನೆ. ಮೊದಲು ಬಲಗಡೆಯ ನಟ್ ವಿಷಯ. ಆಮೇಲೆ ಟೈರ್ ಅಂಗಡಿಯವನ—