ಎರಡು ಸಲ ಫೇಲಾದ ನಿಮ್ಮಪ್ಪ

ಹೊಳಲ್ಕೆರೆ
10-2-2025, ಸೋಮವಾರ

ಪ್ರೀತಿಯ ತಿಪ್ಪೇಶ,

ಹೇಗಿದ್ದೀಯ? ಸೂರತ್ತಿನ ನೀರು ಇನ್ನೂ ನಿನ್ನ ಹೊಟ್ಟೆಗೆ ಒಗ್ಗಿಲ್ಲವೆಂದು ನನ್ನ ಮಗ ಪಂಚಾಕ್ಷರಿ ಹೇಳಿದ. ಜೀರಿಗೆ ಹಾಕಿ ಕಾಯಿಸಿ ಕುಡಿ, ಹೋಟೆಲಿನ ಎಣ್ಣೆ ತಿಂಡಿ ಬಿಡು. ನನಗೆ ಮಂಡಿ ಒಂದು ಬಿಟ್ಟರೆ ಬೇರೆ ದೂರಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಪೆನ್ನು ಹಿಡಿದಿದ್ದೇನೆ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲವಲ್ಲ! ಹರಿದು ಹಾಕಬಹುದು, ನಿಜ. ಆದರೆ ಚಿಕ್ಕವನಿದ್ದಾಗ ಅತ್ತೆಯ ಅಕ್ಷರ ಎಷ್ಟು ದುಂಡಗಿದೆ ಎನ್ನುತ್ತಿದ್ದೆ, ಆ ಮುಲಾಜಿಗಾದರೂ ಕೊನೆಯವರೆಗೆ ಓದು.

ನಿಮ್ಮಪ್ಪನನ್ನು ಮಣ್ಣು ಮಾಡಿ ಇವತ್ತಿಗೆ ಇಪ್ಪತ್ತಾರು ದಿನ. ಜೀವಮಾನವಿಡೀ ಓಡಿದವನು ಹೋದದ್ದು ಊಟ ಮುಗಿಸಿ ಕುರ್ಚಿಯಲ್ಲಿ ಕೂತು ಪೇಪರ್ ಓದುವಾಗ. ನೀನು ಬರಲಿಲ್ಲ. "ಮಗ ಎಲ್ಲಮ್ಮ?" ಎಂದು ಕೇಳಿದವರಿಗೆಲ್ಲ ರಜೆ ಸಿಗಲಿಲ್ಲವಂತೆ ಎಂದು ಹೇಳಿದೆ. ನಿಮ್ಮಮ್ಮ ಹೋಗಿ ಹನ್ನೆರಡು ವರ್ಷ, ನಿನಗೆ ಬುದ್ಧಿ ಹೇಳುವವರು ನನ್ನ ಬಿಟ್ಟರೆ ಯಾರೂ ಇಲ್ಲ. ಮಗ ಮಾಡಬೇಕಾದದ್ದನ್ನು ಪಂಚಾಕ್ಷರಿ ಮಾಡಿದ. ಅಪ್ಪ ನನಗೆ ಸುಳ್ಳು ಹೇಳಿದ ಎಂದು ಐದು ವರ್ಷದ ಹಿಂದೆ ಮನೆ ಬಿಟ್ಟವನು ನೀನು. ಅವನು ಹುಟ್ಟಿದಾಗಿನಿಂದ ಹೇಳಿದ್ದು ಅದೊಂದೇ ಸುಳ್ಳು ಎಂದು ನಾನೂ ನಂಬಿದ್ದೆ. ನಿನ್ನೆ ಚಿತ್ರದುರ್ಗದಲ್ಲಿ ಅವನ ಹಳೆಯ ವಿದ್ಯಾರ್ಥಿಗಳು ಸಭೆ ಸೇರಿದ್ದರು. ಅಲ್ಲಿಂದ ಬಂದಾಗಿನಿಂದ ನನ್ನ ತಲೆ ಕೆಟ್ಟು ಹೋಗಿದೆ. ಬೈಯಲು ಬರೆಯುತ್ತಿಲ್ಲ ಕಣೋ, ನನ್ನ ತಮ್ಮ ಯಾರು ಎಂಬುದೇ ನನಗೆ ಗೊತ್ತಾಗುತ್ತಿಲ್ಲ.

ನನಗೆ ಗೊತ್ತಿದ್ದ ತಮ್ಮ ಎಂಥವನು ಕೇಳು. ವರ್ಷ ತುಂಬುವ ಮೊದಲೇ ಮಾತು ಬಂತು, ಬಂದದ್ದು ಮತ್ತೆ ನಿಲ್ಲಲಿಲ್ಲ. ಪಿಯುಸಿಯಲ್ಲಿ ಕಾಲೇಜಿಗೇ ಮೊದಲು. ಮನಃಶಾಸ್ತ್ರ ಓದುತ್ತೇನೆ ಎಂದಾಗ ನಮ್ಮಪ್ಪ ಹೌಹಾರಿ, "ಹುಚ್ಚರ ಮಧ್ಯೆ ಕುಂತು ನೀನೂ ಹುಚ್ಚ ಆಗ್ತೀಯೇನೋ" ಎಂದಿದ್ದರು. ಹುಚ್ಚು ಹಿಡಿಯಿತು, ಆದರೆ ಓಟದ ಹುಚ್ಚು. ಪ್ರೊಫೆಸರ್ ಆದ ಮೇಲೂ ಭಾನುವಾರ ನಸುಕಿಗೆ ದುರ್ಗ ಬಿಟ್ಟರೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಓಡಿ ನಮ್ಮ ಬಾಗಿಲಿಗೆ ಬರುತ್ತಿದ್ದ, ಅಂಗಿಯ ಮೇಲೆ ಬೆವರು ಒಣಗಿ ಬಿಳಿ ಉಪ್ಪು. ಎರಡು ಚೊಂಬು ಮಜ್ಜಿಗೆ ಕುಡಿದು ಬಸ್ಸಿನಲ್ಲಿ ವಾಪಸ್. ಬಸ್ಸಿನಲ್ಲೇ ಬರಬಾರದೇನೋ ಎಂದರೆ, "ಹೋಗಾಕೆ ಬಸ್ ಐತಲ್ಲಕ್ಕ, ಅದಕ್ಕೇ ಓಡಿ ಬರ್ತೀನಿ" ಎನ್ನುತ್ತಿದ್ದ. ಇದೂ ಒಂದು ಉತ್ತರವೇ? ದಿನಾ ಬೆಳಿಗ್ಗೆ ತುರುವನೂರು ರಸ್ತೆಯಲ್ಲಿ ಒಬ್ಬರಲ್ಲ ಒಬ್ಬರು ವಿದ್ಯಾರ್ಥಿಯನ್ನು ಜೊತೆಗೆ ಓಡಿಸುತ್ತಿದ್ದ. ಯಾಕೆಂದು ಕೇಳಿದ್ದೆ. "ಮಖ ನೋಡ್ಕಂಡು ಕುಂತ್ರೆ ಹುಡುಗ್ರು ಬಾಯಿ ಬಿಡಲ್ಲ ಅಕ್ಕ. ಪಕ್ಕದಾಗೆ ಓಡಿದ್ರೆ ಮೂರನೇ ಕಿಲೋಮೀಟ್ರಿಗೆ ತಾವೇ ಹೇಳ್ತಾರೆ." ಅವರು ಹೇಳಿದ ಮೇಲೆ ಇವನು ಏನು ಹೇಳುತ್ತಿದ್ದ ಎಂಬುದು ನನಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ.

ಸಭೆಯಲ್ಲಿ ಮೊದಲು ಎದ್ದವನು ಉಗ್ರಪ್ಪ, ಈಗ ಪೊಲೀಸ್ ಕಾನ್ಸ್‌ಟೇಬಲ್. ಡ್ಯೂಟಿ ನಡುವೆ ಬಂದಿದ್ದ, ಖಾಕಿಯಲ್ಲೇ ಅಳಲು ಶುರು ಮಾಡಿದ. "ನಾನು ಪಿಯುಸಿನಾಗೆ ಡುಮ್ಕಿ ಹೊಡ್ದು ಊರು ಬಿಟ್ಟು ಹೊಂಟಿದ್ದೆ. ಮುರುಗೇಶಪ್ಪ ಸಾರು, ಲೇ, ನಾನೂ ಎಲ್ಡು ಸಲ ಹೊಡ್ದೀನಿ, ಬಾ ಓಡಾಣ ಅಂದ್ರು" ಎಂದ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾವ ಎರಡು ಸಲ? ಆಮೇಲೆ ಹೊಸದುರ್ಗದ ಯಶೋದಾ, ಈಗ ಅವಳೇ ಉಪನ್ಯಾಸಕಿ, ತೊದಲುತ್ತಿದ್ದವಳಂತೆ. ಹದಿನೈದು ವರ್ಷದವರೆಗೆ ಸರ್ ಕೂಡ ತೊದಲುತ್ತಿದ್ದರು ಎಂದಳು. ತೊದಲುವುದಿರಲಿ, ಅವನ ಬಾಯಿ ಮುಚ್ಚಿಸಲು ನಮ್ಮವ್ವ ಬೆಲ್ಲದ ಉಂಡೆ ತುರುಕುತ್ತಿದ್ದಳು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಮೂರನೆಯವನು ಬಬ್ಬೂರು ಫಾರಂನಲ್ಲಿ ಕೆಲಸ ಮಾಡುವ ಚಿತ್ತಯ್ಯ, ನಲವತ್ತೈದರ ಮನುಷ್ಯ. ಅವನು ಹೆಚ್ಚು ಮಾತಾಡಲಿಲ್ಲ. ಸಾಯಬೇಕು ಅನ್ನಿಸಿದ್ದ ಕಾಲದಲ್ಲಿ ಸರ್ ತನಗೆ ಹೇಳಿದ್ದನ್ನು ಹೇಳಿ ಕೂತ. "ನಾನೂ ಒಂದಿನ ಮಾರಿಕಣಿವೆ ಡ್ಯಾಮಿನ ಮ್ಯಾಲೆ ಹಂಗೇ ಕುಂತಿದ್ದೆ ಕಣಪ್ಪ, ವಾಪಸ್ ಬರಬಾರ್ದು ಅಂತ. ಎದ್ದು ಓಡಿದೋನು ಹಿರಿಯೂರು ಬರೋ ತನಕ ನಿಲ್ಲಿಸ್ಲಿಲ್ಲ."

ಅಷ್ಟರಲ್ಲಿ ನನ್ನನ್ನು ಕರೆದರು. "ಅಮ್ಮಾ, ಸಾರ್ ಚಿಕ್ಕಂದು ನೋಡಿದೋರು ನೀವೊಬ್ರೇ, ಎರಡು ಮಾತಾಡ್ರಿ" ಎಂದು ಮೈಕ್ ಕೊಟ್ಟರು. ಮೂವತ್ತನಾಲ್ಕು ವರ್ಷ ಪ್ರೈಮರಿ ಶಾಲೆಯಲ್ಲಿ, ಸುಳ್ಳು ಹೇಳಿದವರ ಅಂಗೈಗೆ ಬೆತ್ತದ ಏಟು ಕೊಟ್ಟವಳು ನಾನು. ಎಲ್ಲ ಸರಿಪಡಿಸಿಯೇ ಬಿಡುತ್ತೇನೆ ಎಂದು ಎದ್ದೆ. ಎದುರಿಗೆ ಉಗ್ರಪ್ಪ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ರಿಸಲ್ಟ್ ಕೇಳುವ ಹುಡುಗನಂತೆ ನನ್ನನ್ನೇ ನೋಡುತ್ತಿದ್ದ. "ಹೌದಪ್ಪ, ಫೇಲಾಗಿದ್ದ. ಎಲ್ಡು ಸಲ" ಎಂದುಬಿಟ್ಟೆ. ಅಷ್ಟಕ್ಕೆ ನಿಂತಿತೇ? ತೊದಲಿಗೆ ನಾನೇ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದೆ ಎಂದೂ ಸೇರಿಸಿದೆ. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಇಂಥ ಸುಳ್ಳು! ಜನ ಚಪ್ಪಾಳೆ ಹೊಡೆದರು. ಡ್ಯಾಮಿನ ವಿಷಯ ಮಾತ್ರ ಎತ್ತಲಿಲ್ಲ, ಅದು ಸುಳ್ಳೋ ನಿಜವೋ ನನಗೇ ತಿಳಿಯದು.

ಯಾಕೆಂದರೆ ತಿಪ್ಪೇಶ, ಅವನು ಎಂ.ಎ. ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದಾಗ ನಾನು ಹಿರಿಯೂರಿನ ಶಾಲೆಯಲ್ಲಿ ಟೀಚರಾಗಿದ್ದೆ. ಒಂದು ಮಧ್ಯಾಹ್ನ ಬರಿಗಾಲಲ್ಲಿ ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲಿ ನಿಂತಿದ್ದ. ಚಪ್ಪಲಿ ಎಲ್ಲೋ ಎಂದರೆ ಕಿತ್ತುಹೋಯಿತು ಎಂದ. ಆರು ರೊಟ್ಟಿ ತಿಂದು ಮಲಗಿದವನು ಮಾರನೆಯ ದಿನವೇ ಎದ್ದದ್ದು. ಹೊಟ್ಟೆಬಾಕ ಎಂದು ರೇಗಿಸಿದ್ದೆ. ಅದೇ ಆ ದಿನವಾಗಿತ್ತೇ? ಅಥವಾ ಚಿತ್ತಯ್ಯನ ಮಾತು ಕೇಳಿದ ಮೇಲೆ ನನ್ನ ಮುದಿ ತಲೆ ಇದನ್ನು ಹೊಲಿಯುತ್ತಿದೆಯೇ? ನೆನಪು ಹರಿದ ಕಡೆ ನಾವೇ ತೇಪೆ ಹಾಕಿಕೊಳ್ಳುತ್ತೇವೆ ಎಂದು ನಿಮ್ಮಪ್ಪನೇ ಪಾಠ ಮಾಡುತ್ತಿದ್ದ. ಇಷ್ಟು ಸುಳ್ಳುಗಳ ನಡುವೆ ಇದೊಂದು ನಿಜವಿದ್ದರೆ ನಾನು ಎಂಥ ಅಕ್ಕ? ನಿನಗೇನಾದರೂ ಹೇಳಿದ್ದನೇ? ಹೇಳಿದ್ದರೆ ಒಂದು ಸಾಲು ಬರೆ, ನನಗೆ ಬಹಳ ಸಂಕಟವಾಗುತ್ತಿದೆ.

ಪಂಚಾಕ್ಷರಿಯ ಹೆಂಡತಿ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲೇ ಇರು, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅತ್ತೆ
ಮರುಳಸಿದ್ದಮ್ಮ

ತಾ.ಕ.: ಅಂಚೆಗೆ ಹಾಕಲು ಹೊರಟವಳು ಲಕೋಟೆ ಮತ್ತೆ ಬಿಚ್ಚಿದ್ದೇನೆ. ಇಷ್ಟುದ್ದ ಬರೆದೂ ಹೇಳಬೇಕಾದದ್ದನ್ನೇ ಬಿಟ್ಟೆ. ನೀನು ಡಿಪ್ಲೊಮಾದಲ್ಲಿ ಫೇಲಾಗಿ ಕೋಣೆಯ ಬಾಗಿಲು ಹಾಕಿಕೊಂಡಾಗ, ನಾನೂ ಫೇಲಾಗಿದ್ದೆ ಕಣೋ ಎಂದು ನಿಮ್ಮಪ್ಪ ನಿನಗೂ ಹೇಳಿದ. ನಿಜವೇ ಎಂದು ಕೇಳಲು ನೀನು ನನ್ನಲ್ಲಿಗೆ ಬಂದೆ, ನಾನು ಟ್ರಂಕಿನಿಂದ ಅವನ ಮಾರ್ಕ್ಸ್ ಕಾರ್ಡ್ ತೆಗೆದು ತೋರಿಸಿದೆ. ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ಹಿಂದಿನ ದಿನ ಅವನು ಫೋನ್ ಮಾಡಿದ್ದ. "ಅಕ್ಕಾ, ಹುಡುಗ ನಿನ್ ತಾವ ಬರ್ತಾನೆ. ಹೌದು ಅನ್ನು, ಅಷ್ಟೇ ಸಾಕು. ನಿನ್ ಕಾಲಿಗೆ ಬೀಳ್ತೀನಿ" ಎಂದ. ನನ್ನ ತಮ್ಮ ಫೇಲಾದ ಎಂದು ನನ್ನ ಬಾಯಲ್ಲೇ ಹೇಳಿಸುತ್ತೀಯಾ ಎಂದು ಬೈದು ಫೋನ್ ಇಟ್ಟೆ. ಆಮೇಲೆ ಸಾಯುವವರೆಗೂ ಅವನು ನನಗೆ ಒಂದು ಮಾತು ಅನ್ನಲಿಲ್ಲ. ನಿನ್ನೆ ಯಾವನೋ ಪೊಲೀಸನಿಗೆ ಅಷ್ಟು ಸಲೀಸಾಗಿ ಹೌದು ಎಂದೆನಲ್ಲ, ಅವತ್ತು ನಿನಗೆ ಅಂದಿದ್ದರೆ ನೀನು ಅಪ್ಪನ ಮಣ್ಣಿಗೆ ಬರುತ್ತಿದ್ದೆ.