ಕ್ಷೇಮದ ‘ಕ’

ಹಾಸ್ಟೆಲ್, ಮೂರನೇ ಮಹಡಿ
ಫೆಬ್ರುವರಿ 9, ಭಾನುವಾರ ಸಂಜೆ

ಪ್ರೀತಿಯ ಅಮ್ಮಾ,

ನಾನಿಲ್ಲಿ ಕ್ಷೇಮ. ಸ್ಪೆಲಿಂಗ್ ಸರಿಯಿದೆ, ನೋಡಿಕೋ. ನಿನ್ನ ಭುಜದ ನೋವು ಹೇಗಿದೆ? ಲಿಫ್ಟಿನ ಮೇಲೆ ಹತ್ತಿ ರಿಪೇರಿ ಮಾಡುವಾಗ ಬೆಲ್ಟ್ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲಾ ‘ಇಪ್ಪತ್ತು ವರ್ಷದಿಂದ ಬೀಳದವಳು ಈಗ ಬೀಳ್ತೀನಾ’ ಅನ್ನುವ ಅದೇ ಡೈಲಾಗೇ? ಅಜ್ಜಿಯ ಮಂಡಿ? ಫೋನ್ ಬಿಟ್ಟು ಪತ್ರ ಯಾಕೆ ಬರೆದಳು ಇವಳು ಅಂತ ಆಗಲೇ ಹುಬ್ಬು ಗಂಟಿಕ್ಕಿರುತ್ತೀಯ. ಸುಮ್ಮನೆ. ಕನ್ನಡ ಮರೆತುಹೋಗಬಾರದಲ್ಲ.

ಇವತ್ತು ಮಧ್ಯಾಹ್ನ ರೂಮ್‌ಮೇಟ್ ನನ್ನನ್ನು ಒಂದು ಸಿನಿಮಾಕ್ಕೆ ಎಳೆದುಕೊಂಡು ಹೋದಳು. ಹೌಸ್‌ಫುಲ್. ಸಿಕ್ಕಿದ್ದು ಮೊದಲನೇ ಸಾಲು, ಕತ್ತು ಇನ್ನೂ ನೇರವಾಗಿಲ್ಲ. ಆಕ್ಚುವಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಾಗಿಲು ಎಲ್ಲಿದೆ, ಎದ್ದುಹೋದರೆ ಎಷ್ಟು ಜನರ ಕಾಲು ದಾಟಬೇಕು, ಬರೀ ಇದೇ ಲೆಕ್ಕ. ನಾನು ಕಾಲು ಅಲ್ಲಾಡಿಸಿ ಅಲ್ಲಾಡಿಸಿ ಸೀಟುಗಳೆಲ್ಲ ನಡುಗಿದವು. ಪಕ್ಕದ ಆಂಟಿ ನನ್ನ ಮಂಡಿಯ ಮೇಲೆ ಕೈಯಿಟ್ಟು, ‘ಏನಮ್ಮಾ, ಹೊಲಿಗೆ ಮಿಷನ್ ತುಳೀತಿದೀಯಾ?’ ಅಂದರು.

ಸಿನಿಮಾದ ಕಥೆ ಹೀಗೆ: ಚಂದ್ರನಿಂದಾಚೆ ಒಂದು ಬಾಹ್ಯಾಕಾಶ ನಿಲ್ದಾಣ. ಅಲ್ಲಿ ರಿಪೇರಿಯವಳು ಒಬ್ಬಳೇ. ನಿನ್ನ ಹಾಗೇ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಕೆಲಸ ಮಾಡುತ್ತಾಳೆ. ಗಾಳಿಯ ಮಿಷನ್ ಅವಳ ಕೈಯಿಂದಲೇ ಕೆಟ್ಟಿದೆ, ಆದರೆ ಭೂಮಿಗೆ ದಿನಾ ‘ಎಲ್ಲಾ ನಾರ್ಮಲ್’ ಅಂತ ರಿಪೋರ್ಟ್ ಕಳಿಸುತ್ತಾಳೆ. ಕೆಳಗೆ ರೇಡಿಯೋ ಮುಂದೆ ಕೂತ ಮುದುಕನೊಬ್ಬನಿಗೆ ಅನುಮಾನ. ಮೊದಲೆಲ್ಲ ಚಳಿ ಅಂತ, ಊಟ ಸಪ್ಪೆ ಅಂತ ಗೊಣಗುತ್ತಿದ್ದವಳು ಈಗ ಯಾಕೆ ಬರೀ ನಾರ್ಮಲ್? ಆಂಟಿ ತಡೆಯಲಾರದೆ ಪರದೆಗೇ ಹೇಳಿದರು: ‘ಬಾಯಿ ಬಿಡೇ ತಾಯಿ, ಅವನೇನು ನುಂಗಿಬಿಡ್ತಾನಾ?’ ಹಿಂದಿನವರೂ ಶುರುಮಾಡಿದರು, ‘ಹೇಳು! ಹೇಳು!’ ಕೊನೆಗೂ ಅವಳು, ‘ನನ್ನ ಕೈಲಿ ಆಗ್ತಿಲ್ಲ’ ಅಂದಳು. ಮುದುಕ ಬೈಯಲಿಲ್ಲ ಅಮ್ಮಾ. ‘ಸರಿ, ಮೊದಲನೇ ಸ್ಕ್ರೂ ಎಲ್ಲಿದೆ ಹೇಳು’ ಅಂದ. ಆಮೇಲೆ ಒಂದೊಂದೇ ಸ್ಕ್ರೂ ಬಿಚ್ಚಿಸಿ, ಕೂರಿಸಿ, ಮಿಷನ್ ಗುಂಯ್ ಅಂದಾಗ ಥಿಯೇಟರಿಗೆ ಥಿಯೇಟರೇ ಎದ್ದು ಶಿಳ್ಳೆ ಹೊಡೆಯಿತು. ಆಂಟಿ ನನ್ನನ್ನು ಬಾಚಿ ತಬ್ಬಿಕೊಂಡರು. ಅವರೆಲ್ಲ ನಗುತ್ತಾ ಅಳುತ್ತಿದ್ದರು. ನಾನು ಬರೀ ಅಳುತ್ತಿದ್ದೆ.

ಹೊರಗೆ ಬರುವಾಗ ಸ್ಕೂಲ್ ಹಾಸ್ಟೆಲಿನ ನಮ್ಮ ಗುಟ್ಟು ನೆನಪಾಯಿತು. ಪತ್ರಗಳನ್ನೆಲ್ಲ ವಾರ್ಡನ್ ಓದುತ್ತಾರೆ ಅಂತ ನೀನೇ ಹೇಳಿಕೊಟ್ಟಿದ್ದೆ: ಇರೋಕೇ ಆಗಲಿಲ್ಲ ಅಂದರೆ ಕ್ಷೇಮದ ‘ಕ’ ಬಿಟ್ಟು ‘ಷೇಮ’ ಅಂತ ಬರಿ, ಓಡಿ ಬರ್ತೀನಿ. ಐದನೇ ಕ್ಲಾಸಿನ ನನಗೆ ಒತ್ತಕ್ಷರ ಎಲ್ಲಿ ಬರುತ್ತಿತ್ತು? ನಿಜವಾಗಿಯೇ ತಪ್ಪು ಬರೆದೆ. ನೀನು ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಬಂದು ಗೇಟಿನಲ್ಲಿ ನಿಂತರೆ, ನಾನು ಕಿಲಕಿಲ ನಗುತ್ತಾ ಥ್ರೋಬಾಲ್ ಆಡುತ್ತಿದ್ದೆ! ವಿಷಯ ಗೊತ್ತಾಗಿ ಹುಡುಗಿಯರು ತಿಂಗಳುಗಟ್ಟಲೆ ‘ಷೇಮ್ ಷೇಮ್’ ಅಂತ ಹಾಡಿದರು. ‘ನಿನ್ನ ಕನ್ನಡದಲ್ಲಿ ತಪ್ಪು ಯಾವುದು, ಗುಟ್ಟು ಯಾವುದು, ದೇವರಿಗೂ ಗೊತ್ತಾಗಲ್ಲ ಕಣೇ’ ಅಂದು ರಜೆಯಲ್ಲಿ ಒಂದು ನೋಟ್‌ಬುಕ್ ತುಂಬ ಕ್ಷೇಮ ಬರೆಸಿದೆ. ಅಲ್ಲಿಂದಾಚೆ ನಾನು ಒಂದು ಸಲವೂ ತಪ್ಪಿಲ್ಲ. ತಪ್ಪಬೇಕು ಅನಿಸಿದ ದಿನಗಳಲ್ಲೂ.

ಅಜ್ಜಿಗೆ ನಮಸ್ಕಾರ, ಅವರ ಮಂಡಿಗೆ ಬೇರೆಯಾಗಿ ಇನ್ನೊಂದು. ಬೆಲ್ಟ್ ಹಾಕಿಕೋ.

ನಿನ್ನ
ನಟ್ಟು

ಮರೆತಿದ್ದೆ: ಮೊದಲ ಟೆಸ್ಟಿನಲ್ಲಿ ಎರಡು ಸಬ್ಜೆಕ್ಟ್ ಫೇಲಾಗಿದ್ದೇನೆ. ಲ್ಯಾಬಿಗೆ ಹೋಗಿ ಮೂರು ವಾರವಾಯಿತು. ಮರುಪರೀಕ್ಷೆ ಹದಿನೇಳಕ್ಕೆ, ಪುಸ್ತಕ ತೆರೆದವಳು ಮೊದಲ ಪುಟದಲ್ಲೇ ಮುಚ್ಚಿಡುತ್ತೇನೆ. ಲಿಫ್ಟಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಅಂತ ಹೇಳುವವಳು ನೀನು, ಫೋನಿನಲ್ಲಿ ನನ್ನ ದನಿ ಹಿಡಿದುಬಿಡುತ್ತೀಯ ಅಂತಲೇ ಫೋನ್ ಮಾಡಲಿಲ್ಲ. ಮೇಲೆ ಮೊದಲನೇ ಸಾಲಿದೆಯಲ್ಲ, ಅದರಲ್ಲಿ ‘ಕ’ ಹೊಡೆದುಹಾಕಿ ಓದು. ಈ ಸಲ ತಪ್ಪಲ್ಲ.